ಪಂಜಿನ ಕೆಮ್ಮು ಅಂದುಕೊಂಡಿದ್ದೆವು

ಮದುವೆಯಾಗಿ ಪಲ್ಲಡಂ ಹತ್ತಿರದ ಈ ಊರಿಗೆ ಬಂದ ಹೊಸತರಲ್ಲಿ, ಮಾವ ಕೆಮ್ಮಿದಾಗಲೆಲ್ಲ ನಾನು ನೀರಿನ ಚೊಂಬು ಹಿಡಿದು ಓಡುತ್ತಿದ್ದೆ. ಅತ್ತೆಗೆ ಅದು ನಗು. “ಅದಕ್ಕೆಲ್ಲಾ ಓಡಬೇಡ ಕಣ್ಣು. ಅದು ಪಂಜು ಕೆಮ್ಮು. ನಾನು ಈ ಮನೆಗೆ ಬಂದಾಗಿಂದ ಕೇಳ್ತಾ ಇದೀನಿ” ಅಂದರು. ನಾನು ಕೊಳ್ಳೇಗಾಲದ ಕಡೆಯವಳು. ಪಂಜು ಅಂದರೆ ನನಗೆ ಗೊತ್ತಿದ್ದದ್ದು ದೀವಟಿಗೆ. ಇಲ್ಲಿ ಹತ್ತಿಯನ್ನು ಪಂಜು ಅನ್ನುತ್ತಾರೆ. ಮನೆಯ ಹಿಂದೆ ತಗಡಿನ ಶೀಟು ಹೊದಿಸಿದ ಕೊಟ್ಟಿಗೆಯಲ್ಲಿ ನಾಲ್ಕು ಪವರ್‌ಲೂಮ್‌ಗಳಿದ್ದವು. ಅವು ಓಡುವಾಗ ಹತ್ತಿಯ ನವಿರು ಎಳೆಗಳು ಗಾಳಿಗೆದ್ದು ಕಿಟಕಿಯ ಸರಳಿಗೆ, ಒಣಹಾಕಿದ ಬಟ್ಟೆಗೆ, ಮಾವನ ಹುಬ್ಬಿಗೆ ಅಂಟಿಕೊಳ್ಳುತ್ತಿದ್ದವು. ಅದನ್ನು ಉಸಿರಾಡಿಕೊಂಡೇ ಮಾವ ಮುದುಕರಾಗಿದ್ದರು. ಬೆಳಿಗ್ಗೆ ಎದ್ದು ನಾಲ್ಕು ಸಲ ಕೆಮ್ಮಿ, ಕ್ಯಾಕರಿಸಿ ಉಗುಳಿ, ಬಾಯಿ ತೊಳೆದರೆ ಆ ದಿನ ಶುರುವಾದಂತೆ. ವರ್ಷ ತುಂಬುವಷ್ಟರಲ್ಲಿ ಆ ಸದ್ದು ನನ್ನ ಕಿವಿಗೂ ಕೇಳಿಸದಾಯಿತು.

ಈ ಮನೆಯವರು ತಲೆಮಾರುಗಳ ಹಿಂದೆ ಕನ್ನಡನಾಡಿನಿಂದ ಬಂದು ನೆಲೆಸಿದ ನೇಕಾರರು. ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಒಳಗಿನ ಕನ್ನಡದಲ್ಲೂ ಅರ್ಧ ತಮಿಳಿನ ರಾಗ. ನನ್ನ ತಾಯಿ ಇಲ್ಲದ್ದರಿಂದ ಬಾಣಂತನ ಅತ್ತೆಯೇ ಮಾಡಿದರು. ಹುಟ್ಟಿದ್ದು ಹೆಣ್ಣುಮಗು. ನನ್ನ ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಬೈಕ್ ಹತ್ತಿ ಹೋದರೆ ಕತ್ತಲಾದ ಮೇಲೆಯೇ ಬರುವುದು. ಹಗಲೆಲ್ಲ ಮನೆಯಲ್ಲಿ ನಾನು, ಅತ್ತೆ, ಮಾವ ಮತ್ತು ಒಂದು ತಿಂಗಳ ಕೂಸು.

ಸಂಜೆ ಮಗ್ಗ ನಿಲ್ಲಿಸಿ, ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಮಾವ ಜಗಲಿಯಲ್ಲಿ ಕೂರುತ್ತಿದ್ದರು. “ಅಮ್ಮಣಿ, ಕೂಸ್ನ ಇತ್ತ ಕೊಡು” ಅನ್ನುವರು. ಸೊಸೆಯನ್ನು ಅಮ್ಮಣಿ ಅಂತಲೋ, ಮುದ್ದಿಗೆ ಕಣ್ಣು ಅಂತಲೋ ಕರೆಯುವುದು ಈ ಸೀಮೆಯ ರೂಢಿ. ಮಗುವನ್ನು ಎರಡು ತೊಡೆಯ ನಡುವೆ ಮಲಗಿಸಿಕೊಂಡು, ಅವಳ ಮುಖದ ಹತ್ತಿರ ಮುಖ ತಂದು, ಅಂದು ಕಡಿದ ನೂಲು, ಕೈಕೊಟ್ಟ ಕರೆಂಟು, ಎಲ್ಲದರ ವರದಿ ಒಪ್ಪಿಸುತ್ತಿದ್ದರು. ಬೇರೆ ಹೊತ್ತಿನಲ್ಲಿ ಮಾತೇ ಆಡದ ಮನುಷ್ಯ. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ.

ಆ ದಿನಗಳಲ್ಲಿ ಅವರ ಕೆಮ್ಮು ಬದಲಾಗಿತ್ತು. ಈಗ ಹಿಂದಿರುಗಿ ನೋಡಿದರೆ ಅದು ಅಷ್ಟು ಸ್ಪಷ್ಟ. ಮೊದಲು ಸಣ್ಣ ನೆಗಡಿ. ಆಮೇಲೆ ಕೆಮ್ಮು ಒಂದೊಂದೇ ಬರುವುದು ಬಿಟ್ಟು ಸರಮಾಲೆಯಾಗಿ ಬರತೊಡಗಿತು. ಉಸಿರು ಎಳೆದುಕೊಳ್ಳಲು ಎಡೆಯಿಲ್ಲದಂತೆ ಒಂದರ ಬೆನ್ನಿಗೆ ಒಂದು, ಕಣ್ಣಲ್ಲಿ ನೀರು, ಕತ್ತಿನ ನರ ಉಬ್ಬಿ. ಮುಗಿದ ಮೇಲೆ ಅವರು ಎದ್ದು ಬಚ್ಚಲ ಕಡೆ ಹೋಗುತ್ತಿದ್ದರು. ಬಾಯಿ ತೊಳೆಯಲು ಅಂದುಕೊಂಡಿದ್ದೆ. ಜ್ವರವಿಲ್ಲ, ಮೈಕೈ ನೋವಿಲ್ಲ, ಮಗ್ಗದ ಕೆಲಸವೂ ನಿಂತಿಲ್ಲ. ಇಂಥವರಿಗೆ ಕಾಯಿಲೆ ಅಂತ ಯಾರು ತಾನೆ ಅಂದಾರು?

ಮಗುವಿಗೆ ಮೂಗು ಸೋರಿತು. ಎರಡು ದಿನ ಸೀನಿದಳು. ಅತ್ತೆ ಸ್ನಾನ ಮಾಡಿಸಿದ ಮೇಲೆ ಸಾಂಬ್ರಾಣಿ ಹೊಗೆಯನ್ನು ಇನ್ನೂ ಸ್ವಲ್ಪ ಹೆಚ್ಚಾಗಿ ಹಾಕಿದರು. ಕೆಮ್ಮು ಬಂತೋ ಇಲ್ಲವೋ ಅನ್ನುವಷ್ಟು. ಸಣ್ಣ ಪಿಸುಗುಟ್ಟಿದಂಥ ಸದ್ದು ಎರಡು ಮೂರು, ಅಷ್ಟೆ.

ಮೂರನೆಯ ದಿನ ಬೆಳಗಿನ ಹತ್ತರ ಸುಮಾರಿಗೆ ಹಾಲು ಕುಡಿಸುತ್ತಿದ್ದೆ. ಹಿಂದೆ ನಾಲ್ಕೂ ಮಗ್ಗಗಳು ಓಡುತ್ತಿದ್ದವು. ಆ ಸದ್ದಿನಲ್ಲಿ ಮಗು ಅತ್ತರೂ ನೋಡಿಯೇ ತಿಳಿಯಬೇಕು. ಅವಳು ಹಾಲು ಬಿಟ್ಟಳು. ಸಣ್ಣಗೆ ಕೆಮ್ಮಿದ ಹಾಗೆ ಎದೆ ಅಲುಗಿತು. ಆಮೇಲೆ ಏನೂ ಇಲ್ಲ. ನಿದ್ದೆ ಹೋದಳೆಂದು ಕೆಳಗೆ ನೋಡಿದೆ. ಕಣ್ಣು ಅರೆತೆರೆದಿತ್ತು. ತುಟಿಯ ಸುತ್ತ ನೇರಳೆ ಹಣ್ಣು ತಿಂದವರ ಬಾಯಿಯ ಬಣ್ಣ. ಎದೆ ಏರುತ್ತಿಲ್ಲ, ಇಳಿಯುತ್ತಿಲ್ಲ.

“ಅತ್ತೇ!” ಅಂತ ನಾನು ಕೂಗಿದ್ದು ಮಗ್ಗದ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಅವಳನ್ನು ಬೋರಲು ತಿರುಗಿಸಿ ಬೆನ್ನು ತಿಕ್ಕಿದೆ. ಅಂಗಾಲು ತಟ್ಟಿದೆ. ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಕೈ ತನಗೆ ತೋಚಿದ್ದನ್ನು ಮಾಡಿತು. ಬಾಯಿಂದ ಅಂಟು ಲೋಳೆ ಇಳಿಯಿತು, ಆಮೇಲೆ ಒಂದು ಉಸಿರು, ಆಮೇಲೆ ಕ್ಷೀಣವಾದ ಅಳು. ಅಷ್ಟರಲ್ಲಿ ಅತ್ತೆ ಬಂದರು.

“ಪಾಲು ನೆತ್ತಿಗೆ ಏರಿರ್ಬೇಕು ಕಣ್ಣು. ನೀನು ಪಯಪಡಬೇಡ” ಅಂದರು.

ನಾನೂ ಹಾಲು ನೆತ್ತಿಗೇರಿತೆಂದೇ ನಂಬಲು ನೋಡಿದೆ. ಅರ್ಧ ಗಂಟೆಯಾಗಿರಲಿಲ್ಲ, ಈ ಸಲ ಹಾಲು ಕುಡಿಯದೆ ಸುಮ್ಮನೆ ಮಲಗಿದ್ದಾಗಲೇ ಮತ್ತೆ ಹಾಗಾಯಿತು. ಮುಖ ಕೆಂಪಾಗಿ, ಆಮೇಲೆ ಕಪ್ಪಾಗಿ, ಉಸಿರು ನಿಂತು, ಮತ್ತೆ ಬಂತು. ಇನ್ನು ಯಾರ ಮಾತೂ ಕೇಳುವುದಿಲ್ಲವೆಂದು ನಾನು ಎದ್ದೆ. ಗಂಡನಿಗೆ ಫೋನ್ ಮಾಡಿ, “ರೀ, ಮಗು ಉಸಿರು ಬಿಡ್ತಿಲ್ಲ, ನಾವು ಕೊಯಮತ್ತೂರಿನ ಮಕ್ಕಳ ಆಸ್ಪತ್ರೆಗೆ ಹೊರಟ್ವಿ, ನೀವು ಅಲ್ಲಿಗೇ ಬನ್ನಿ” ಅಂದೆ. ಪಕ್ಕದ ಮನೆಯವರ ಕಾರಿನಲ್ಲಿ ನಾನು ಮತ್ತು ಅತ್ತೆ ಕೂತೆವು. ಮಾವ ಮಗ್ಗ ನಿಲ್ಲಿಸಿ ಓಡಿಬಂದಿದ್ದರು. ಕಾರಿನ ಕಿಟಕಿಯೊಳಗೆ ಬಗ್ಗಿ ಏನೋ ಹೇಳಹೊರಟು, ಕೆಮ್ಮು ಬಂದು, ಮುಖ ತಿರುಗಿಸಿಕೊಂಡರು. ಕಾರು ಹೊರಟಿತು.

ಕೊಯಮತ್ತೂರಿನವರೆಗಿನ ಆ ದಾರಿಯಲ್ಲಿ ನಾನು ಒಮ್ಮೆಯೂ ಹೊರಗೆ ನೋಡಲಿಲ್ಲ. ಅವಳ ಎದೆಯ ಮೇಲೆ ಎರಡು ಬೆರಳು ಇಟ್ಟುಕೊಂಡು ಕೂತಿದ್ದೆ. ಬೆರಳು ಏರಿದರೆ ಉಸಿರಿದೆ. ಸೂಲೂರು ದಾಟುವಾಗ ಟ್ರಾಫಿಕ್ಕಿನಲ್ಲಿ ಕಾರು ನಿಂತಿತು. ಬೆರಳೂ ನಿಂತಿತು. ಮತ್ತೆ ತಿರುಗಿಸಿ, ಬೆನ್ನು ತಿಕ್ಕಿ, ಅಂಗಾಲು ತಟ್ಟಿ. ಅತ್ತೆ ಊರ ದೇವಿಯ ಹೆಸರು ಹಿಡಿದು ಜೋರಾಗಿ ಕೂಗಿಕೊಳ್ಳುತ್ತಿದ್ದರು. ಡ್ರೈವರ್ ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ.

ಮಕ್ಕಳ ಆಸ್ಪತ್ರೆಯಲ್ಲಿ ಅವಳನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಮೂಗಿಗೆ ಆಮ್ಲಜನಕದ ಸಣ್ಣ ಕೊಳವೆ, ಕಾಲಿನ ಹೆಬ್ಬೆರಳಿಗೆ ಕೆಂಪು ಬೆಳಕಿನ ಕ್ಲಿಪ್ಪು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ನನ್ನಿಂದ ಎಲ್ಲ ಕೇಳಿದರು. ಬಣ್ಣ ಹೇಗಿತ್ತು, ಮೊದಲು ಕೆಮ್ಮಿದಳಾ, ಜ್ವರ ಇತ್ತಾ, ಚುಚ್ಚುಮದ್ದು ಆಗಿದೆಯಾ. ಹುಟ್ಟಿದಾಗ ಹಾಕಿದ್ದು ಬಿಟ್ಟರೆ, ಒಂದೂವರೆ ತಿಂಗಳಿಗೆ ಹಾಕುವ ಚುಚ್ಚುಮದ್ದಿಗೆ ಇನ್ನೂ ಸಮಯ ಬಂದಿರಲಿಲ್ಲ. ಆಮೇಲೆ ತಮಿಳಿನಲ್ಲಿ ಕೇಳಿದರು, “ಮನೆಯಲ್ಲಿ ಯಾರಿಗಾದರೂ ಕೆಮ್ಮಿದೆಯಾ?”

“ಇಲ್ಲ” ಅಂದೆ. ನಿಜವಾಗಿ ನನಗೆ ಇಲ್ಲ ಅಂತಲೇ ಅನಿಸಿತು. ಆಮೇಲೆ, “ನಮ್ಮ ಮಾವನಿಗೆ ಇದೆ. ಆದರೆ ಅದು ಮಗ್ಗದ್ದು, ಹತ್ತಿಯ ಕೆಮ್ಮು. ಬಹಳ ವರ್ಷದ್ದು” ಅಂದೆ.

“ಇತ್ತೀಚೆಗೆ ಹೆಚ್ಚಾಗಿದೆಯಾ? ಕೆಮ್ಮಿ ಕೆಮ್ಮಿ ವಾಂತಿ ಆಗುತ್ತಾ?”

ನನಗೆ ಗೊತ್ತಿರಲಿಲ್ಲ. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಸೆರಗಿನ ತುದಿ ಬಾಯಿಗೆ ಒತ್ತಿ ಹಿಡಿದಿದ್ದರು.

“ಕಕ್ತಾರೆ” ಅಂದರು ಕನ್ನಡದಲ್ಲಿ, ನನ್ನನ್ನೇ ನೋಡುತ್ತ. “ಒಂದು ವಾರದಿಂದ ಉಂಡದ್ದೆಲ್ಲಾ ಕಕ್ತಾರೆ. ಬಾಣಂತಿಗೆ ಯೇಳಬೇಡ, ಸುಮ್ಮೆ ಪಯಪಡ್ತಾಳೆ ಅಂತ ಯೇಳಿದ್ರು.”

ಡಾಕ್ಟರಿಗೆ ಕನ್ನಡ ಬಾರದಿದ್ದರೂ ‘ಕಕ್ಕು’ ಅನ್ನುವ ಮಾತು ತಿಳಿಯಿತು. ತಮಿಳಿನಲ್ಲಿ ಈ ಕಾಯಿಲೆಯ ಹೆಸರೇ ಕಕ್ಕುವಾನ್. ನಮ್ಮ ಕಡೆ ನಾಯಿಕೆಮ್ಮು ಅನ್ನುತ್ತೇವೆ. ಹೆಸರು ಕೇಳಿದ್ದೆ, ಹಳೆಯ ಕಾಲದ್ದು, ಈಗ ಇಲ್ಲ ಅಂದುಕೊಂಡಿದ್ದೆ. ದೊಡ್ಡವರಿಗೆ ಬಂದರೆ ಬಿಡದ ಕೆಮ್ಮಾಗಿ ಕಾಡುತ್ತದೆ, ನಡೆದಾಡಿಕೊಂಡು ಇರುತ್ತಾರೆ, ಯಾರಿಗೂ ಅನುಮಾನ ಬರುವುದಿಲ್ಲ ಎಂದು ಡಾಕ್ಟರ್ ವಿವರಿಸಿದರು. ಇಷ್ಟು ಸಣ್ಣ ಕೂಸಿಗೆ ಬಂದರೆ ಕೆಮ್ಮುವ ಬಲವೂ ಇರುವುದಿಲ್ಲ, ಉಸಿರೇ ನಿಲ್ಲುತ್ತದೆ. ಮೂಗಿನಿಂದ ದ್ರವ ತೆಗೆದು ಪರೀಕ್ಷೆಗೆ ಕಳಿಸುತ್ತೇವೆ, ಆದರೆ ಅದರ ಫಲಿತಾಂಶಕ್ಕೆ ಕಾಯದೆ ಔಷಧಿ ಶುರು ಮಾಡುತ್ತೇವೆ. ಮನೆಯ ಎಲ್ಲರೂ ಮಾತ್ರೆ ತೆಗೆದುಕೊಳ್ಳಬೇಕು, ಕೆಮ್ಮಿಲ್ಲದವರೂ. ಮಾವ ಐದು ದಿನದ ಮಾತ್ರೆ ಮುಗಿಸುವವರೆಗೆ ಮಗುವಿರುವ ಕೋಣೆಗೆ ಬರಬಾರದು.

“ಪಿಳೈಪ್ಪಾಳಾ?” ಅತ್ತೆ ಕೇಳಿದರು. ಬದುಕುತ್ತಾಳಾ ಅಂತ.

“ಸರಿಯಾದ ಹೊತ್ತಿಗೆ ತಂದಿದ್ದೀರಿ. ಮುಂದಿನ ಕೆಲವು ದಿನ ನೋಡಬೇಕು” ಅಂದರು ಡಾಕ್ಟರ್.

ಗಂಡ ಬಂದರು, ಬನಿಯನ್ ಬಟ್ಟೆಯ ನೂಲಿನ ಚೂರುಗಳು ಇನ್ನೂ ತಲೆಕೂದಲಲ್ಲಿ ಇದ್ದವು. ವಿಷಯ ತಿಳಿದು ಗೋಡೆಗೆ ಒರಗಿ ನಿಂತರು. ಆಮೇಲೆ ಕಾರಿಡಾರಿನ ತುದಿಗೆ ಹೋಗಿ ತಂದೆಗೆ ಫೋನ್ ಮಾಡಿದರು. ಆ ಕಡೆಯ ಮಾತು ನನಗೂ ಕೇಳಿಸುವಷ್ಟು ಜೋರಾಗಿತ್ತು.

“ನನ್ನಿಂದವಾ? ಯಾವ ಡಾಕ್ಟ್ರು ಯೇಳಿದ್ದು? ಮೂವತ್ತು ವರ್ಷದ ಪಂಜು ಕೆಮ್ಮು ಇದು!”

“ಅಪ್ಪಾ, ವಾದ ಬೇಡ. ಮಾತ್ರೆ ತಂದುಕೊಡ್ತೀನಿ. ತಿನ್ನುಂಗ.”

ಆಮೇಲೆ ಆ ಕಡೆಯಿಂದ ಮಾತಿಲ್ಲ. ಬರೀ ಕೆಮ್ಮು, ಬಿಡದೆ, ಮುಗಿಯದೆ. ಗಂಡ ಫೋನನ್ನು ಕಿವಿಯಿಂದ ತೆಗೆಯದೆ ಅದು ಮುಗಿಯುವವರೆಗೂ ಕೇಳುತ್ತ ನಿಂತರು. ನಾನೂ ಅಲ್ಲಿಂದಲೇ ಕೇಳಿಸಿಕೊಂಡೆ. ಆ ಕೆಮ್ಮನ್ನು ನಾನು ಸರಿಯಾಗಿ ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆವು. ಯಂತ್ರ ಕೂಗಿದಾಗಲೆಲ್ಲ ನರ್ಸ್ ಓಡಿಬರುವುದು, ಪರದೆ ಎಳೆಯುವುದು, ನಾನು ಪರದೆಯ ಈಚೆ ನಿಂತು ಅದರ ನೆರಿಗೆ ನೋಡುವುದು. ಮೂಗಿನ ನಳಿಕೆಯಿಂದ ಹಾಲು ಹಾಕುತ್ತಿದ್ದರು. ಪರೀಕ್ಷೆಯಲ್ಲಿ ಅದೇ ಕಾಯಿಲೆ ಎಂದು ಬಂತು. ಎರಡನೆಯ ವಾರದಲ್ಲಿ ಉಸಿರು ನಿಲ್ಲುವುದು ಕಡಿಮೆಯಾಯಿತು, ಆಮೇಲೆ ಪೂರ್ತಿ ನಿಂತಿತು. ಕೆಮ್ಮು ಮಾತ್ರ ಉಳಿಯಿತು. ರೋಗಾಣು ಸತ್ತರೂ ಕೆಮ್ಮು ಎರಡು ಮೂರು ತಿಂಗಳು ಉಳಿಯುತ್ತದೆ ಅಂದರು. ಮನೆಗೆ ಕಳಿಸುವ ಮುಂಚೆ ನರ್ಸೊಬ್ಬರು ನನಗೂ ಗಂಡನಿಗೂ ಕಲಿಸಿದರು. ಕೆಮ್ಮು ಬಂದರೆ ಎತ್ತಿ, ಒಂದು ಪಕ್ಕಕ್ಕೆ ತಿರುಗಿಸಿ ತಲೆ ಸ್ವಲ್ಪ ತಗ್ಗಿಸಿ ಹಿಡಿಯಿರಿ. ಬಾಯಿಯ ಲೋಳೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಕುಲುಕಬೇಡಿ. ಹಾಲು ಸ್ವಲ್ಪ ಸ್ವಲ್ಪವೇ, ಪದೇಪದೇ ಕೊಡಿ. ಹೊಗೆ, ಊದುಬತ್ತಿ, ದೂಳು ಬೇಡ. ಅಂಗಡಿಯ ಕೆಮ್ಮಿನ ಸಿರಪ್ ಬೇಡವೇ ಬೇಡ. ತುಟಿ ನೀಲಿಯಾದರೆ, ಉಸಿರು ನಿಂತರೆ, ಹಾಲು ಬಿಟ್ಟರೆ ಒಂದು ಕ್ಷಣವೂ ಯೋಚಿಸದೆ ಬನ್ನಿ.

ಮನೆಗೆ ಬಂದಾಗ ಹಿಂದಿನ ಕೊಟ್ಟಿಗೆ ನಿಶ್ಶಬ್ದವಾಗಿತ್ತು. ಮಾವ ಮಗ್ಗಗಳನ್ನು ನಿಲ್ಲಿಸಿ, ನೆಲವನ್ನೆಲ್ಲ ತೊಳೆದು, ತಮ್ಮ ಹಗ್ಗದ ಮಂಚವನ್ನು ಅಲ್ಲಿಗೇ ಸಾಗಿಸಿದ್ದರು. ಮಾತ್ರೆ ಎಂದೋ ಮುಗಿಸಿದ್ದರಂತೆ. ನಾವು ಕಾರಿನಿಂದ ಇಳಿದಾಗ ಕೊಟ್ಟಿಗೆಯ ಬಾಗಿಲಲ್ಲಿ, ಹೆಗಲ ಮೇಲಿನ ತುಂಡು ಟವೆಲಿನಿಂದ ಮೂಗು ಬಾಯಿ ಮುಚ್ಚಿಕೊಂಡು ನಿಂತಿದ್ದರು. ನಾನು ಮಗುವನ್ನು ಅವರಿಗೆ ಕಾಣುವಂತೆ ಸ್ವಲ್ಪ ಎತ್ತಿ ಹಿಡಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

ಮೊದಲ ದಿನವೇ ಅತ್ತೆಗೂ ನನಗೂ ಮಾತಾಯಿತು. ಮಗುವಿನ ಮೈ ಒರೆಸಿದ ಮೇಲೆ ಅವರು ಅಭ್ಯಾಸಬಲದಿಂದ ಕೆಂಡದ ಧೂಪದಾನಿ ಹಿಡಿದು ಬಂದರು.

“ಅತ್ತೆ, ಹೊಗೆ ಬೇಡ ಅಂದಿದ್ದಾರೆ.”

“ಕೊಂಚೂಂಡು ಕಣ್ಣು. ಸಾಂಬ್ರಾಣಿ ಹೊಗೆ ಎಲ್ಲಿ ಹೊಗೆ ಆಗ್ತದೆ? ಸಳಿ, ಕಫ ಯೆಲ್ಲಾ ಇಳೀತದೆ.”

“ಬೇಡ ಅಂದ್ರೆ ಬೇಡ ಅತ್ತೆ!”

ನಾನು ಅವರ ಜೊತೆ ಅಷ್ಟು ಜೋರಾಗಿ ಮಾತಾಡಿದ್ದು ಆ ಮನೆಗೆ ಬಂದ ಮೇಲೆ ಇಲ್ಲವೇ ಇಲ್ಲ. ಅವರ ಮುಖ ಚಿಕ್ಕದಾಯಿತು. ಹೊರಗೆ ಹೋಗಿ ಕೆಂಡಕ್ಕೆ ನೀರು ಸುರಿದರು, ಚುಸ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಬಂದು, “ಆಸ್ಪತ್ರೇಲಿ ಕಲಿಸ್ಕೊಟ್ರಲ್ಲ, ಆ ಹಿಡಿಯೋದು ನಂಗೂ ತೋರ್ಸು” ಅಂದರು. ನಾನು ಟವೆಲನ್ನು ಸುರುಳಿ ಸುತ್ತಿ ಕೂಸಿನಂತೆ ಮಾಡಿ ತೋರಿಸಿದೆ. ಎತ್ತುವುದು, ತಿರುಗಿಸುವುದು, ಒರೆಸುವುದು. ಅಂಗಳದಲ್ಲೇ ಅತ್ತೆ ಮತ್ತೆ ಮತ್ತೆ ಮಾಡಿದರು. ಕೊಟ್ಟಿಗೆಯ ಬಾಗಿಲಲ್ಲಿ ಮಾವ ನಿಂತು ನೋಡುತ್ತಿದ್ದರು.

ಅವರಿಂದ ಇನ್ನು ಅಂಟುವುದಿಲ್ಲ ಎಂದು ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು. ಗಂಡ ಅದನ್ನು ಅವರಿಗೆ ಎರಡು ಮೂರು ಸಲ ಹೇಳಿದರು. ಮಾವ ಕೇಳಲಿಲ್ಲ. ಕೆಮ್ಮು ಇನ್ನೂ ಇತ್ತಲ್ಲ. ಬರುವ ಸೂಚನೆ ಸಿಕ್ಕಿದರೆ ಸಾಕು, ಕೊಟ್ಟಿಗೆಯ ಆಚೆಯ ಬೇವಿನ ಮರದ ತನಕ ನಡೆದು ಅಲ್ಲಿ ಕೆಮ್ಮುತ್ತಿದ್ದರು. ಊಟದ ತಟ್ಟೆಯನ್ನು ಬಾಗಿಲಲ್ಲಿಟ್ಟು ಬರಬೇಕು. ತಾವೇ ತೊಳೆದಿಡುವರು. ಬನ್ನಿ ಮಾವ, ಮಗುವನ್ನು ಎತ್ತಿಕೊಳ್ಳಿ ಅಂತ ನಾನು ಕರೆಯಬಹುದಿತ್ತು. ನಾಲಗೆ ಏಳಲಿಲ್ಲ. ಬುದ್ಧಿಗೆ ಗೊತ್ತಿದ್ದರೂ, ಆ ಕೆಮ್ಮಿನ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಮಗುವನ್ನು ಎದೆಗೆ ಒತ್ತಿಕೊಳ್ಳುತ್ತಿತ್ತು. ಅದು ಅವರ ಕಣ್ಣಿಗೆ ಬೀಳದೆ ಇದ್ದೀತೇ?

ಹೀಗೆ ಎರಡು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಅತ್ತೆ ಬೀದಿ ನಲ್ಲಿಗೆ ನೀರು ಬಂದಿತೆಂದು ಕೊಡ ಹಿಡಿದು ಹೋದರು. ಮಗು ಹಾಲು ಕುಡಿದು ಒಂದು ಗಂಟೆಯಾಗಿತ್ತು, ಜಗಲಿಯ ಚಾಪೆಯ ಮೇಲೆ ಮಲಗಿದ್ದಳು. ಮುಖ ತಿಳಿಯಾಗಿತ್ತು. ನಾನು ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ಕಣ್ಣಿಗೆ ಶೀಗೆಪುಡಿ ಹೋಗಿ ಉರಿಯುತ್ತಿತ್ತು. ಆಗ ಕೇಳಿಸಿತು. ಸಣ್ಣ ಕೆಮ್ಮು, ಒಂದರ ಬೆನ್ನಿಗೆ ಒಂದು. ಆಮೇಲೆ ಸದ್ದಿಲ್ಲ.

ಒದ್ದೆ ಸೀರೆ ಸುತ್ತಿಕೊಂಡು, ಕಣ್ಣು ಅರೆಬರೆ ಬಿಟ್ಟುಕೊಂಡು, ಗೋಡೆ ಹಿಡಿದು ಓಡಿದೆ. ಜಗಲಿಗೆ ಬರುವಷ್ಟರಲ್ಲಿ ಮಾವ ಅಲ್ಲಿದ್ದರು. ಮಂಡಿಯೂರಿ ಕೂತು, ಮಗುವನ್ನು ಎಡಗೈ ಮೇಲೆ ಪಕ್ಕಕ್ಕೆ ತಿರುಗಿಸಿ, ತಲೆ ತಗ್ಗಿಸಿ ಹಿಡಿದಿದ್ದರು. ಬಲಗೈಯಲ್ಲಿ ಚಾಪೆಯ ಪಕ್ಕದಲ್ಲಿಟ್ಟಿದ್ದ ಮೆತ್ತನೆಯ ಬಟ್ಟೆ. ಅವಳ ಮುಖ ಕಡುಕೆಂಪಾಗಿ ಕಪ್ಪಿಗೆ ತಿರುಗುತ್ತಿತ್ತು. ಅವರು ಬಾಯಿಯ ಲೋಳೆ ಒರೆಸಿದರು. ಬೆನ್ನು ಮೆಲ್ಲಗೆ ತಿಕ್ಕಿದರು.

“ಬಿಡು ಕಣ್ಣು, ಉಸಿರು ಬಿಡು. ಬಿಡು ತಂಗಂ, ನನ್ನ ಚಿನ್ನ. ಬಿಟ್ಬಿಡು” ಅನ್ನುತ್ತಿದ್ದರು, ಜೋರಾಗಿ ಅಲ್ಲ, ಸಂಜೆ ನೂಲಿನ ವರದಿ ಒಪ್ಪಿಸುತ್ತಿದ್ದ ಅದೇ ದನಿಯಲ್ಲಿ.

ಮತ್ತೊಮ್ಮೆ ಒರೆಸಿದರು. ಅವಳ ಎದೆಯೊಳಗೆ ಏನೋ ಬಿರಿದಂತೆ ಉದ್ದವಾದ ಒಂದು ಸೆಳೆತದ ಸದ್ದು ಬಂತು, ಗಾಳಿ ಒಳಗೆ ಹೋಯಿತು. ಆಮೇಲೆ ಅಳು.

ನಾನು ಕೈ ಚಾಚಿದೆ. ಅವರು ಮಗುವನ್ನು ನನ್ನ ಕೈಗೆ ಕೊಟ್ಟರು. ಅವರ ಮುಖವನ್ನು ಆಗ ನೋಡಿದೆ. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಕತ್ತಿನ ನರ ಉಬ್ಬಿ ಕಲ್ಲಾಗಿತ್ತು, ತುಟಿ ಬಿಗಿ. ಅಳುತ್ತಿದ್ದಾರೆ ಅಂದುಕೊಂಡೆ. ಅಳುವಲ್ಲ. ಅಷ್ಟೂ ಹೊತ್ತು ಅವರು ತಮ್ಮ ಕೆಮ್ಮನ್ನು ಹಿಡಿದಿಟ್ಟುಕೊಂಡಿದ್ದರು. ಎದ್ದು ಅಂಗಳ ದಾಟಿ ಓಡಿದರು. ಬೇವಿನ ಮರದ ಬುಡ ಹಿಡಿದು ಬಗ್ಗಿ ಕೆಮ್ಮತೊಡಗಿದರು. ಬಹಳ ಹೊತ್ತು ಕೆಮ್ಮಿದರು. ಕೊಡ ಹೊತ್ತು ಬಂದ ಅತ್ತೆ ನನ್ನನ್ನೂ ಅವರನ್ನೂ ನೋಡಿ, ಕೊಡವನ್ನು ಅಲ್ಲೇ ಅಂಗಳದಲ್ಲಿ ಇಳಿಸಿ, ಯಾರ ಕಡೆ ಓಡಬೇಕೆಂದು ತಿಳಿಯದೆ ನಿಂತುಬಿಟ್ಟರು.

“ಅತ್ತೆ, ಮಗು ಸರಿ ಇದಾಳೆ. ನೀವು ಮಾವನ ಹತ್ರ ಹೋಗಿ” ಅಂದೆ.

ಬಣ್ಣ ಬದಲಾಗಿತ್ತಾದ್ದರಿಂದ ಮತ್ತೆ ಆಸ್ಪತ್ರೆಗೆ ಹೊರಟೆವು. ಪಕ್ಕದ ಮನೆಯ ಕಾರು ಬಂದಾಗ ನಾನು ಮಾವನಿಗೆ, “ನೀವೂ ಬನ್ನಿ” ಅಂದೆ.

“ನಾನು ಬ್ಯಾಡ ಅಮ್ಮಣಿ. ದಾರೀಲಿ ಕೆಮ್ಮು ಬಂದ್ರೆ?”

“ಬರ್ಲಿ ಮಾವ. ನನ್ನ ತಲೆ ಒದ್ದೆ ಇದೆ, ಕಣ್ಣು ಸರಿಯಾಗಿ ಬಿಡಕ್ಕಾಗ್ತಿಲ್ಲ. ಅವಳನ್ನ ಯಾರಾದ್ರೂ ನೋಡ್ತಾ ಇರ್ಬೇಕು. ನೀವು ನೋಡಿದ್ರೇ ನಂಗೆ ಧೈರ್ಯ.”

ಅವರು ಮುಂದಿನ ಸೀಟಿನಲ್ಲಿ ಕೂತು ಇಡೀ ದಾರಿ ಹಿಂದಕ್ಕೆ ತಿರುಗಿಯೇ ಇದ್ದರು. ತುಂಡಿನಿಂದ ಬಾಯಿ ಕಟ್ಟಿಕೊಂಡಿದ್ದರು, ಕಣ್ಣು ಅವಳ ಎದೆಯ ಮೇಲೆ. ಒಂದು ರಾತ್ರಿ ಇಟ್ಟುಕೊಂಡು ನೋಡಿ ಮನೆಗೆ ಕಳಿಸಿದರು. ಶ್ವಾಸಕೋಶ ಚೆನ್ನಾಗಿದೆ, ಇಂಥದು ಇನ್ನೂ ಕೆಲವು ಸಲ ಆಗಬಹುದು, ಕಡಿಮೆಯಾಗುತ್ತ ಹೋಗುತ್ತದೆ ಅಂದರು. ಕಡಿಮೆಯಾಗುತ್ತ ಹೋಯಿತು ಕೂಡ. ಆದರೆ ನಾವು ಯಾರೂ ಅದನ್ನು ನಂಬಲು ಹೋಗಲಿಲ್ಲ. ಮಗು ಒಂಟಿಯಾಗಿ ಮಲಗುವುದು ನಿಂತಿತು, ನಾಲ್ವರಲ್ಲಿ ಒಬ್ಬರು ಸದಾ ಪಕ್ಕದಲ್ಲಿ. ಮಧ್ಯಾಹ್ನದ ಸರದಿ ಮಾವನದು. ತುಂಡು ಮುಖಕ್ಕೆ ಕಟ್ಟಿಕೊಂಡೇ ಕೂರುತ್ತಿದ್ದರು. ಅದನ್ನು ಬಿಚ್ಚಿಸಲು ಡಾಕ್ಟರ ಮಾತಿನಿಂದಲೂ ಆಗಲಿಲ್ಲ. ಅದೇ ಡಾಕ್ಟರು ಹೇಳಿದ ಮೇಲೆ ಒಂದು ದಿನ ಎದೆಯ ಡಾಕ್ಟರ ಹತ್ತಿರ ತಮ್ಮ ಹಳೆಯ ಕೆಮ್ಮನ್ನೂ ತೋರಿಸಿಬಂದರು. ಮಗ್ಗ ಮತ್ತೆ ಓಡಿದ್ದು ಮಗು ಕೆಮ್ಮದೆ ಒಂದು ವಾರ ಕಳೆದ ಮೇಲೆ, ಅದೂ ಎರಡೇ. ಕೊಟ್ಟಿಗೆಯ ಬಾಗಿಲಿಗೆ ಒದ್ದೆ ಮಾಡಿದ ದಪ್ಪ ಬಟ್ಟೆ ಇಳಿಬಿಟ್ಟರು.

ತಡವಾಗಿದ್ದ ಚುಚ್ಚುಮದ್ದನ್ನು ಹಾಕಿಸಿಕೊಂಡು ಹೋಗಿ ಎಂದು ಡಾಕ್ಟರ್ ಕರೆದಾಗ ಮನೆಮಂದಿಯೆಲ್ಲ ಹೊರಟೆವು. ಒಳಗೆ ಒಬ್ಬರನ್ನೇ ಬಿಡುವುದು, ಉಳಿದವರು ಬೆಂಚಿನ ಮೇಲೆ. ನರ್ಸ್ ತೊಡೆಗೆ ಸೂಜಿ ಚುಚ್ಚಿದಳು. ಮಗು ಒಂದು ಕ್ಷಣ ಸುಮ್ಮನಿದ್ದಳು, ಬಾಯಿ ಅಗಲವಾಗಿ ತೆರೆಯಿತು, ಸದ್ದಿಲ್ಲ. ನಾನು ಅವಳ ಎದೆಯ ಮೇಲೆ ಎರಡು ಬೆರಳು ಇಟ್ಟೆ. ಆಮೇಲೆ ಅವಳು ಅತ್ತಳು. ಕೋಣೆ ತುಂಬುವಂತೆ, ಮುಗಿದರೆ ಮತ್ತೆ ಗಾಳಿ ಎಳೆದುಕೊಂಡು, ಇನ್ನೂ ಜೋರಾಗಿ.

ಬಾಗಿಲಾಚೆಯಿಂದ ಮಾವನ ದನಿ ಕೇಳಿಸಿತು. “ಅಮ್ಮಣಿ, ಅಳ್ತಾ ಇರೋದು ನಮ್ಮ ಕೂಸಾ?”

“ಹೌದು ಮಾವ, ನಮ್ಮದೇ.”

“ಸರಿ. ಅಳ್ಳಿ ಬಿಡು” ಅಂದರು. “ಚೆನ್ನಾಗಿ ಅಳ್ಳಿ.”